ಎರೆನಾಡಿನ ಧೂಳು, ಟ್ರ್ಯಾಕಿನ ಕಲ್ಲು: ಕಾರಿನ ಬಣ್ಣ ಕಾಯುವ ಬಗೆ

ಕಾರಿನ ಮೈಮೇಲಿನ ಬಣ್ಣ ಒಂದೇ ಪದರವಲ್ಲ. ಉಕ್ಕಿನ ತಗಡಿನ ಮೇಲೆ ಮೊದಲು ಫಾಸ್ಫೇಟ್ ಲೇಪ, ಅದರ ಮೇಲೆ ವಿದ್ಯುತ್ ಹರಿಸಿ ಕೂರಿಸಿದ ತುಕ್ಕುನಿರೋಧಕ ಪದರ, ಆಮೇಲೆ ಪ್ರೈಮರ್, ನಂತರ ಕಣ್ಣಿಗೆ ಕಾಣುವ ಬಣ್ಣ, ಎಲ್ಲಕ್ಕೂ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್. ಇವೆಲ್ಲ ಸೇರಿದರೂ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗಿಂತ ತುಸು ಹೆಚ್ಚು. ಬಿಸಿಲು, ನೀರು, ಆಮ್ಲ ಎಲ್ಲವನ್ನೂ ಮೊದಲು ಎದುರಿಸುವುದು ಮೇಲಿನ 40–50 ಮೈಕ್ರಾನ್ ದಪ್ಪದ ಕ್ಲಿಯರ್ ಕೋಟ್. ಹೊಳಪು ಇರುವುದೂ ಅದರಲ್ಲಿ, ಪ್ರತಿ ಸಲ ಪಾಲಿಶ್ ಮಾಡಿದಾಗ ಸವೆಯುವುದೂ ಅದೇ. ಒಮ್ಮೆ ಸವೆದದ್ದು ತಿರುಗಿ ಬೆಳೆಯುವುದಿಲ್ಲ.

ಈ ಪದರಕ್ಕೆ ಮೂರು ಬಗೆಯ ಹಾನಿ ಉಂಟು: ಪೆಟ್ಟು, ಗೀರು, ಕಲೆ. ಕಲ್ಲು ಬಡಿದು ಚಕ್ಕೆ ಏಳುವುದು ಪೆಟ್ಟು. ಧೂಳಿನ ಮೇಲೆ ಅರಿವೆ ಆಡಿಸಿದಾಗ ಬೀಳುವುದು ಗೀರು. ಹಕ್ಕಿಯ ಹಿಕ್ಕೆ, ಸವಳು ನೀರು, ಡಾಂಬರು, ಬ್ರೇಕಿನ ಪುಡಿ ಇವೆಲ್ಲ ಕಲೆಯ ಲೆಕ್ಕಕ್ಕೆ ಬರುತ್ತವೆ. ಒಂದಕ್ಕೆ ಮಾಡಿದ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಕಾರಿನವರ ಹೆಚ್ಚಿನ ದುಡ್ಡು ಪೋಲಾಗುವುದು ಈ ಭೇದ ತಿಳಿಯದೆ ಒಂದೇ ಲೇಪವನ್ನು ನಂಬಿದಾಗ.

ಪೆಟ್ಟಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬಡಿದ ಕಲ್ಲೇ 120ರಲ್ಲಿ ಬಡಿದರೆ ಅದರ ಶಕ್ತಿ ನಾಲ್ಕು ಪಟ್ಟು. ವಿಜಯಪುರದಿಂದ ದೇವರ ಹಿಪ್ಪರಗಿ, ಸಿಂದಗಿ ಹಾದು ಕಲಬುರಗಿಯತ್ತ ಸಾಗುವ 50ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಕಡಿ ತುಂಬಿದ ಟಿಪ್ಪರುಗಳು, ಸುಗ್ಗಿಯಲ್ಲಿ ಎರಡೆರಡು ಟ್ರೈಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳು ಸದಾ ಎದುರಾಗುತ್ತವೆ. ಟಿಪ್ಪರಿನಿಂದ ನೇರವಾಗಿ ಉದುರುವ ಕಡಿ ಕಡಿಮೆ. ರಸ್ತೆಯಂಚಿಗೆ ಬಿದ್ದದ್ದನ್ನು ಮುಂದಿನ ವಾಹನದ ಗಾಲಿ ಸಿಡಿಸುವುದೇ ಹೆಚ್ಚು. ಹೀಗಾಗಿ ಮುಂದಿನ ಗಾಡಿಯಿಂದ ಅಂತರ ಕಾಯುವುದು ಬಣ್ಣಕ್ಕೆ ಸಿಗುವ ಮೊದಲ ರಕ್ಷಣೆ, ಅದಕ್ಕೆ ಬಿಡಿಗಾಸಿನ ಖರ್ಚೂ ಇಲ್ಲ. ಓವರ್‌ಟೇಕ್ ಮಾಡುವ ತವಕದಲ್ಲಿ ಟಿಪ್ಪರಿನ ಬಾಲಕ್ಕೆ ಅಂಟಿಕೊಂಡು ಹೋಗುವ ಎರಡು ನಿಮಿಷದಲ್ಲೇ ಬಾನೆಟ್ಟಿನ ಮುಂಚೂಣಿ ಹಾಳಾಗುತ್ತದೆ.

ಹಳ್ಳಿ ರಸ್ತೆಗಳ ಕಥೆ ಬೇರೆ. ಅಲ್ಲಿ ವೇಗ ಕಡಿಮೆ, ಆದ್ದರಿಂದ ಚಕ್ಕೆ ಏಳುವುದು ಅಪರೂಪ. ಅಲ್ಲಿನ ಶತ್ರು ಎರಡೂ ಬದಿಯ ಬಳ್ಳಾರಿ ಜಾಲಿ. ಎದುರಿಗೆ ಎತ್ತಿನ ಬಂಡಿಯೋ ಟ್ರ್ಯಾಕ್ಟರೋ ಬಂದು ಕಾರು ಬದಿಗೆ ಸರಿದಾಗ ಬಾಗಿಲಿನ ಉದ್ದಕ್ಕೂ ಮುಳ್ಳು ಗೀರುತ್ತದೆ. ತೊಗರಿ, ಜೋಳದ ರಾಶಿಯ ಕಾಲದಲ್ಲಿ ರಸ್ತೆ ಮೇಲೆ ಹರವಿದ ಹೊಟ್ಟು ಮೆತ್ತಗೆ ಕಂಡರೂ ಅದರೊಳಗಿನ ತೊಗರಿ ಕಟ್ಟಿಗೆ ಬಂಪರಿನ ಕೆಳಗಂಚನ್ನು ಕೆರೆಯುತ್ತದೆ. ಇಂಥ ಕಡೆ ನಿಂತು, ಎದುರಿನವರಿಗೆ ದಾರಿ ಬಿಟ್ಟು, ನಿಧಾನ ದಾಟುವುದೇ ಉಪಾಯ.

ಪೆಟ್ಟು ತನ್ನ ಪೂರ್ಣ ರೂಪದಲ್ಲಿ ಕಾಣುವುದು ರೇಸ್ ಟ್ರ್ಯಾಕಿನಲ್ಲಿ. ಟ್ರ್ಯಾಕ್ ಡೇ ಎಂದರೆ ಪಂದ್ಯವಲ್ಲ. ಸ್ವಂತ ಕಾರನ್ನು ಶುಲ್ಕ ಕಟ್ಟಿ, ಸಂಚಾರವಿಲ್ಲದ ಸರ್ಕ್ಯೂಟಿನಲ್ಲಿ ಮನಸಾರೆ ಓಡಿಸುವ ದಿನ. ಇದಕ್ಕಾಗಿ ಕರ್ನಾಟಕದ ಕಾರುಪ್ರಿಯರು ಕೊಯಮತ್ತೂರಿನ ಬಳಿಯ ಚೆಟ್ಟಿಪಾಳಯದಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇಗೆ ಇಲ್ಲವೇ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಗೆ ಹೋಗುತ್ತಾರೆ. ಮೊದಲನೆಯದು 2003ರಲ್ಲಿ ಆರಂಭವಾದ ಸುಮಾರು 2.1 ಕಿ.ಮೀ. ಉದ್ದದ ಟ್ರ್ಯಾಕ್, ಎರಡನೆಯದು 1990ರದು, ಉದ್ದ 3.7 ಕಿ.ಮೀ. ದೇವರ ಹಿಪ್ಪರಗಿಯಿಂದ ಇರುಂಗಾಟ್ಟುಕೋಟೈಗೆ ಸುಮಾರು 800 ಕಿ.ಮೀ. ದಾರಿ. ಅಷ್ಟು ದೂರದ ಹೆದ್ದಾರಿಯ ಕಲ್ಲುಗಳನ್ನು ಕಂಡೇ ಕಾರು ಟ್ರ್ಯಾಕಿಗೆ ಇಳಿಯುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ಟ್ರ್ಯಾಕಿನಲ್ಲಿ ಕಲ್ಲು ಎಲ್ಲಿಂದ ಬರುತ್ತದೆ? ಮುಂದಿನ ಕಾರು ತಿರುವಿನಲ್ಲಿ ತುಸು ಹೊರಗೆ ಜಾರಿ ಮಣ್ಣಿಗೆ ಗಾಲಿ ಇಟ್ಟರೆ ಸಾಕು, ಹಿಂದಿನವರ ಮೇಲೆ ಹರಳಿನ ಮಳೆ. ಬಿಸಿಯಾದ ಟೈರು ಜಿಗುಟಾಗಿ ಸಣ್ಣ ಕಲ್ಲನ್ನು ಹಿಡಿದು ಎಸೆಯುತ್ತದೆ. ಅದೇ ಟೈರಿನಿಂದ ಕಳಚಿದ ರಬ್ಬರಿನ ಉಂಡೆಗಳು ಗಾಲಿಯ ಹಿಂದಿನ ಭಾಗಕ್ಕೆ, ಬಾಗಿಲಿನ ಕೆಳಗೆ ಅಂಟುತ್ತವೆ. ಪೆಟ್ಟು ಹೆಚ್ಚು ಬೀಳುವ ಜಾಗಗಳು ಎಲ್ಲ ಕಾರಿಗೂ ಒಂದೇ: ಮುಂಬಂಪರ್, ಬಾನೆಟ್ಟಿನ ಮುಂದಿನ ಒಂದಡಿ, ಕನ್ನಡಿಗಳ ಬೆನ್ನು, ವಿಂಡ್‌ಶೀಲ್ಡಿನ ಮೇಲಂಚು, ಹಿಂಗಾಲಿಯ ಮುಂದಿನ ಉಬ್ಬು, ಬಾಗಿಲಿನ ಕೆಳಗಿನ ಪಟ್ಟಿ.

ಈ ಜಾಗಗಳಿಗೆ ನಿಜವಾಗಿ ಕೆಲಸ ಮಾಡುವುದು ಪಿಪಿಎಫ್ ಎಂದು ಕರೆಯುವ ಪಾರದರ್ಶಕ ಹಾಳೆ. ಇದು ಥರ್ಮೋಪ್ಲಾಸ್ಟಿಕ್ ಪಾಲಿಯುರೆಥೇನ್; ದಪ್ಪ ಸಾಮಾನ್ಯವಾಗಿ 150ರಿಂದ 200 ಮೈಕ್ರಾನ್, ಎಂದರೆ ಕಾರ್ಖಾನೆಯ ಎಲ್ಲ ಪದರಗಳಿಗೂ ಸಾಟಿಯಾಗುವ ಅಥವಾ ಮೀರುವ ದಪ್ಪ. ಅದು ಮೆತ್ತಗಿರುವುದರಿಂದ ಕಲ್ಲಿನ ಪೆಟ್ಟನ್ನು ನುಂಗುತ್ತದೆ. ಒಳ್ಳೆಯ ಹಾಳೆಯಾದರೆ ಮೇಲಿನ ಸಣ್ಣ ಗೀರುಗಳು ಬಿಸಿಲಿನ ಕಾವಿಗೆ ತಾವೇ ಮಾಯುತ್ತವೆ. ಇಡೀ ಕಾರಿಗೆ ಹಾಕಿಸಲು ಹೊರಟರೆ ಖರ್ಚು ಲಕ್ಷ ದಾಟಬಹುದು. ಅದರ ಅಗತ್ಯ ಬಹುತೇಕ ಯಾರಿಗೂ ಇಲ್ಲ. ಮೇಲೆ ಹೇಳಿದ ಜಾಗಗಳಿಗಷ್ಟೇ ಹಾಕಿಸಿದರೆ ಖರ್ಚು ಬಹಳ ಇಳಿಯುತ್ತದೆ, ಕಲ್ಲಿನ ಹೊಡೆತದ ಬಹುಪಾಲು ತಪ್ಪುತ್ತದೆ. ಹಾಳೆಯ ಅಂಚಿಗೆ ಮಾತ್ರ ಎಚ್ಚರ ಬೇಕು. ಎರೆಮಣ್ಣಿನ ನುಣ್ಣನೆ ಧೂಳು ಅಂಚಿನ ಅಂಟಿಗೆ ಸೇರಿ ಕಪ್ಪು ಗೆರೆಯಾಗುತ್ತದೆ. ಅಂಚನ್ನು ಬಾನೆಟ್ಟಿನ ಒಳಮೈಗೆ ಮಡಿಚಿ ಕೂರಿಸುವ ಕೆಲಸಗಾರನನ್ನು ಹುಡುಕುವುದು ಲೇಸು.

ಒಂದೆರಡು ದಿನದ ಟ್ರ್ಯಾಕಿಗಾಗಿ ಹಾಳೆ ಬೇಡವೆನ್ನುವವರಿಗೆ ಟೇಪ್ ಇದೆ. ಡೆಂಟಿಂಗ್–ಪೇಂಟಿಂಗ್ ಗ್ಯಾರೇಜಿನಲ್ಲಿ ಬಳಸುವ ಹಳದಿ ಮಾಸ್ಕಿಂಗ್ ಟೇಪಿಗಿಂತ ಗೋಡೆ ಬಣ್ಣದವರ ನೀಲಿ ಟೇಪ್ ಮೇಲು. ಅದರ ಅಂಟು ಸೌಮ್ಯ. ತೊಳೆದು ಪೂರ್ತಿ ಒಣಗಿದ ಮೈಗೆ ಅಂಟಿಸಬೇಕು. ಧೂಳಿನ ಮೇಲೆ ಅಂಟಿಸಿದ ಟೇಪ್ ನಿಲ್ಲುವುದಿಲ್ಲ, ಗಾಳಿಗೆ ಅಲುಗಿ ತಾನೇ ಗೀರುತ್ತದೆ. ಮುಂದಿನ ಪಟ್ಟಿ ಹಿಂದಿನ ಪಟ್ಟಿಯ ಮೇಲೆ ಹಂಚಿನಂತೆ ಏರಿರಬೇಕು, ಗಾಳಿ ಅಂಚನ್ನು ಎಬ್ಬಿಸದಂತೆ. ಊರಿನಿಂದಲೇ ಅಂಟಿಸಿಕೊಂಡು ಹೊರಡುವುದು ಸಲ್ಲದು: 800 ಕಿ.ಮೀ. ಬಿಸಿಲಿಗೆ ಅಂಟು ಬೆಂದು ಬಣ್ಣಕ್ಕೆ ಕೂರುತ್ತದೆ. ಟ್ರ್ಯಾಕಿನ ಮುಂಜಾನೆ ಅಂಟಿಸಿ, ಅದೇ ಸಂಜೆ ಮೈ ಉಗುರುಬೆಚ್ಚಗಿರುವಾಗ, ಟೇಪನ್ನು ಹಿಂದಕ್ಕೆ ಮಡಿಚಿ ಮೈಗೆ ತಾಗಿದಂತೆಯೇ ನಿಧಾನ ಎಳೆದು ತೆಗೆಯಬೇಕು. ಮರುಬಣ್ಣ ಮಾಡಿಸಿದ ಭಾಗಕ್ಕೆ ಟೇಪ್ ಹಾಕಲೇಬಾರದು. ಗ್ಯಾರೇಜಿನ ಬಣ್ಣಕ್ಕೆ ಕಾರ್ಖಾನೆಯ ಹಿಡಿತವಿರುವುದಿಲ್ಲ, ಟೇಪಿನ ಜೊತೆ ಬಣ್ಣವೂ ಎದ್ದು ಬರಬಹುದು.

ಇನ್ನು ಗೀರು. ಎರೆನಾಡಿನಲ್ಲಿ ಬಣ್ಣ ಮಂಕಾಗುವುದಕ್ಕೆ ಕಲ್ಲಿಗಿಂತ ದೊಡ್ಡ ಕಾರಣ ಇದೇ. ರಸ್ತೆಯ ಧೂಳು ಬರೀ ಮಣ್ಣಲ್ಲ. ಅದರಲ್ಲಿ ಎರೆಮಣ್ಣಿನ ಜಿಗುಟು ಕಣಗಳ ಜೊತೆಗೆ ಕಡಿ ಮಷಿನ್ನಿನಲ್ಲಿ ಅರೆದ ಕರಿಕಲ್ಲಿನ ಪುಡಿ, ಮರಳಿನ ಹರಳು, ಗರಸಿನ ಚೂರು ಕೂಡಿರುತ್ತವೆ. ಮರಳೂ ಕರಿಕಲ್ಲೂ ಕ್ಲಿಯರ್ ಕೋಟಿಗಿಂತ ಬಹಳ ಗಟ್ಟಿ. ಮುಂಜಾನೆ ಎದ್ದು ಒಣ ಅರಿವೆಯಿಂದ ಕಾರು ಝಾಡಿಸಿ ಒರೆಸುವ ರೂಢಿ ಈ ಭಾಗದ ಮನೆಮನೆಯಲ್ಲಿದೆ. ಕಾರಿನ ಮೇಲಿನ ಮಮತೆಯಿಂದಲೇ ಮಾಡುವ ಈ ಕೆಲಸ ಅದನ್ನು ದಿನಾ ಸಣ್ಣಗೆ ಉಜ್ಜಿ ಸವೆಸುತ್ತದೆ. ಕಪ್ಪು ಕಾರನ್ನು ಬಿಸಿಲಿಗೆ ನಿಲ್ಲಿಸಿ ನೋಡಿದರೆ ಜೇಡರ ಬಲೆಯಂತೆ ಕಾಣುವ ಸುತ್ತು ಗೆರೆಗಳೆಲ್ಲ ಈ ಅರಿವೆಯವು.

ಸುಮ್ಮನೆ ಕುಳಿತ ಧೂಳು ಬಣ್ಣಕ್ಕೆ ಏನೂ ಮಾಡುವುದಿಲ್ಲ, ಒರೆಸಿದ ಧೂಳು ಮಾಡುತ್ತದೆ. ನೀರಿಲ್ಲದ ದಿನ ಕಾರು ಹೊಲಸಾಗಿಯೇ ಇರಲಿ. ಗಾಜು, ದೀಪ, ನಂಬರ್ ಪ್ಲೇಟ್ ಒರೆಸಿಕೊಂಡರೆ ಸಾಕು. ನೆರೆಯವರು ಏನೆಂದಾರೆಂಬ ಸಂಕೋಚ ಬಿಡುವುದಕ್ಕೆ ಸ್ವಲ್ಪ ಕಾಲ ಹಿಡಿಯುತ್ತದೆ.

ತೊಳೆಯುವಾಗ ಕ್ರಮ ಮುಖ್ಯ. ಮೊದಲು ಬರೀ ನೀರು, ಕೈ ತಾಗಿಸದೆ. ಎರೆಮಣ್ಣು ಹಸಿಯಿದ್ದಾಗ ಅಂಟು, ಒಣಗಿದಾಗ ಹೆಂಟೆ. ಗಾಲಿಯ ಗೂಡಿನಲ್ಲಿ, ಬಾಗಿಲಿನ ಕೆಳಗೆ ಕಟ್ಟಿದ ಹೆಂಟೆಯನ್ನು ಸ್ಕ್ರೂ ಡ್ರೈವರಿನಿಂದ ಕೀಳಬಾರದು. ನೀರು ಹೊಡೆದು ಹತ್ತು ನಿಮಿಷ ನೆನೆಯಬಿಟ್ಟು, ಇನ್ನೊಮ್ಮೆ ಹೊಡೆದರೆ ತಾನೇ ಕರಗಿ ಇಳಿಯುತ್ತದೆ. ಆಮೇಲೆ ಎರಡು ಬಕೆಟ್: ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ತಿಳಿನೀರು. ಒಂದು ಭಾಗ ತೊಳೆದ ಮೇಲೆ ಅರಿವೆಯನ್ನು ತಿಳಿನೀರಿನಲ್ಲಿ ಜಾಲಿಸಿ, ಮಣ್ಣು ಬಿಟ್ಟ ಮೇಲಷ್ಟೇ ಮತ್ತೆ ಶಾಂಪೂಗೆ ಅದ್ದುವುದು. ಮೇಲಿನಿಂದ ಕೆಳಕ್ಕೆ ಬರಬೇಕು. ಬಾಗಿಲಿನ ಕೆಳಭಾಗ, ಬಂಪರ್ ಕೊನೆಗೆ, ಗಾಲಿಗೆ ಬೇರೆಯೇ ಅರಿವೆ. ಕೈಯನ್ನು ಸುತ್ತಿಸದೆ ನೇರ ಆಡಿಸಬೇಕು. ಬಟ್ಟೆ ಒಗೆಯುವ ಪುಡಿ ಮೇಣವನ್ನೆಲ್ಲ ಕಿತ್ತು ಒಯ್ಯುತ್ತದೆ, ಹಳೆಯ ಬನಿಯನ್ನಿನ ಹೊಲಿಗೆ ಗೀರುತ್ತದೆ. ಮೈಕ್ರೋಫೈಬರ್ ಅರಿವೆಗೆ ಬದಲಿ ಇಲ್ಲ. ವಾಟರ್ ಸರ್ವಿಸಿಂಗ್‌ಗೆ ಬಿಡುವವರು ಎರಡು ಮಾತು ಕಟ್ಟುನಿಟ್ಟಾಗಿ ಹೇಳಬೇಕು: ಬೇರೆ ಗಾಡಿಗೆ ಬಳಸಿದ ಅರಿವೆ ಬೇಡ, ಹೊಳಪಿಗೆಂದು ಡೀಸೆಲ್ ಹಚ್ಚುವುದು ಬೇಡ. ಡೀಸೆಲ್ ಎಣ್ಣೆ ಹಚ್ಚಿದ ಮೈ ಮರುದಿನ ಎರಡರಷ್ಟು ಧೂಳು ಹಿಡಿಯುತ್ತದೆ, ರಬ್ಬರಿನ ಬೀಡಿಂಗ್ ಉಬ್ಬುತ್ತದೆ.

ದೇವರ ಹಿಪ್ಪರಗಿ ಮಡಿವಾಳ ಮಾಚಿದೇವರ ಹುಟ್ಟೂರು. 12ನೆಯ ಶತಮಾನದಲ್ಲಿ ಇಲ್ಲಿಂದ ಕಲ್ಯಾಣಕ್ಕೆ ಹೋಗಿ ಶರಣರ ಬಟ್ಟೆ ಮಡಿ ಮಾಡಿದವರು ಅವರು. ತೊಳೆಯುವುದನ್ನು ಕೀಳು ಕೆಲಸವೆಂದು ಅವಸರದಲ್ಲಿ ಮುಗಿಸಬಾರದು ಎಂಬುದನ್ನು ಈ ಊರಿಗೆ ಹೊರಗಿನವರು ಬಂದು ಕಲಿಸಬೇಕಿಲ್ಲ.

ನೀರೇ ಕಲೆಯಾಗುವುದು ಈ ಸೀಮೆಯ ಇನ್ನೊಂದು ತೊಡಕು. ಬೋರಿನ ನೀರು ಬಹುತೇಕ ಕಡೆ ಸವಳು. ಬಿಸಿಲಿಗೆ ಒಣಗಿದ ಪ್ರತಿ ಹನಿಯೂ ಸುಣ್ಣದ ಬಿಳಿ ಉಂಗುರ ಬಿಡುತ್ತದೆ. ಕಾದ ಬಾನೆಟ್ಟಿನ ಮೇಲೆ ಅದು ಕ್ಲಿಯರ್ ಕೋಟಿಗೇ ಕೆತ್ತಿದಂತೆ ಉಳಿಯುತ್ತದೆ. ಆದ್ದರಿಂದ ಹೊತ್ತು ಏರುವ ಮುಂಚೆ ಅಥವಾ ಇಳಿದ ಮೇಲೆ, ಮೈ ತಣ್ಣಗಿರುವಾಗ ತೊಳೆಯಬೇಕು. ಕೊನೆಯ ಜಾಲಾಟಕ್ಕೆ ಊರಿನ ಶುದ್ಧ ನೀರಿನ ಘಟಕದಿಂದ ತಂದ 20 ಲೀಟರಿನ ಒಂದು ಕ್ಯಾನ್ ಬಳಸಿ ಕೂಡಲೇ ಒರೆಸಿದರೆ ಉಂಗುರದ ಕಾಟವೇ ಇರುವುದಿಲ್ಲ. ಕುಡಿಯುವ ನೀರಿಗೇ ತತ್ವಾರವಾದ ಬೇಸಿಗೆಯಲ್ಲಿ ಇದನ್ನು ಮಾಡಬಾರದು. ಜನರ ಬಾಯಾರಿಕೆ ಮೊದಲು.

ಉಳಿದ ಕಲೆಗಳಲ್ಲಿ ಹೊತ್ತೇ ಎಲ್ಲ. ಹಕ್ಕಿಯ ಹಿಕ್ಕೆ, ಸತ್ತ ಹುಳುಗಳ ರಸ ಬಿಸಿಲಿನಲ್ಲಿ ಕೆಲವೇ ಗಂಟೆಗಳಲ್ಲಿ ಗುರುತು ಬಿಡುತ್ತವೆ. ಒದ್ದೆ ಅರಿವೆ ಮುಚ್ಚಿ ನೆನೆಸಿ ಎತ್ತಬೇಕು, ಉಜ್ಜಬಾರದು. ಡಾಂಬರಿಗೂ ಟ್ರ್ಯಾಕಿನ ರಬ್ಬರಿಗೂ ಟಾರ್ ರಿಮೂವರ್ ಇದೆ. ಅದು ಸಿಗದಿದ್ದರೆ ಅರಿವೆಯಲ್ಲಿ ತುಸು ಸೀಮೆಎಣ್ಣೆ, ಮರುಕ್ಷಣ ಶಾಂಪೂ ನೀರು. ಪಿಪಿಎಫ್ ಅಂಚಿಗೆ ಸೀಮೆಎಣ್ಣೆ ತಾಗಿಸಬಾರದು. ಟ್ರ್ಯಾಕಿನಲ್ಲಿ ಹಾರುವ ಬ್ರೇಕಿನ ಪುಡಿ ಕಾದ ಕಬ್ಬಿಣದ ಕಣ. ಅದು ಮೈಗೆ ನಾಟಿ ಕೆಲ ದಿನಗಳಲ್ಲಿ ಕಂದು ಚುಕ್ಕೆಯಾಗುತ್ತದೆ. ಅದಕ್ಕೆ ಮಾರುವ ಐರನ್ ರಿಮೂವರ್ ಕಬ್ಬಿಣ ತಾಗಿದೊಡನೆ ನೇರಳೆಗೆ ತಿರುಗುತ್ತದೆ, ಒಣಗುವ ಮುನ್ನ ನೀರು ಹೊಡೆಯಬೇಕು. ಅಮಾವಾಸ್ಯೆಗೆ, ಖಂಡೆ ಪೂಜೆಗೆ (ಆಯುಧ ಪೂಜೆ) ಕಾರಿಗೆ ಹಚ್ಚಿದ ವಿಭೂತಿ, ಕುಂಕುಮ, ಭಂಡಾರವನ್ನೂ ಒಣ ಅರಿವೆಯಿಂದ ಒರೆಸದೆ ನೀರಿನಿಂದಲೇ ಇಳಿಸಬೇಕು. ಹೂವಿನ ಹಾರಕ್ಕೆ ತಂತಿಯ ಬದಲು ನೂಲು ಇರಲಿ.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ವಿಜಯಪುರ ಜಿಲ್ಲೆಯಲ್ಲಿ ನೆರಳಿನ ಬೆಲೆ ದೊಡ್ಡದು. ಬೇವಿನ ಮರದ ಕೆಳಗೆ ಹಿಕ್ಕೆ ಬೀಳುತ್ತದೆಂದು ಬಿಸಿಲಿಗೆ ನಿಲ್ಲಿಸುವವರಿದ್ದಾರೆ. ಹಿಕ್ಕೆಯನ್ನು ಅಂದೇ ತೊಳೆಯುವ ಶಿಸ್ತು ಇದ್ದರೆ ಮರವೇ ವಾಸಿ. ಬಯಲಲ್ಲಿ ನಿಲ್ಲಿಸಿ ಕವರ್ ಹೊದಿಸುವುದು ಮಾತ್ರ ತಪ್ಪು ಲೆಕ್ಕ. ಗಾಳಿಗೆ ಬಡಿಯುವ ಕವರಿನ ಒಳಗೆ ಧೂಳು ಸೇರಿ ಇಡೀ ರಾತ್ರಿ ಉಜ್ಜುತ್ತದೆ. ಕವರ್ ಹಾಕುವುದಾದರೆ ತೊಳೆದ ಕಾರಿಗೆ, ಗೋಡೆಯ ಆಸರೆಯಲ್ಲಿ.

ಸೆರಾಮಿಕ್ ಕೋಟಿಂಗ್ ಮಾರುವವರು ಅದನ್ನು ಕಲ್ಲಿಗೂ ಮದ್ದು ಎಂಬಂತೆ ಹೇಳುವುದುಂಟು. ಅದರ ಪದರ ಒಂದೆರಡು ಮೈಕ್ರಾನ್. ಕಲ್ಲನ್ನು ಅದು ತಡೆಯಲಾರದು. ಅದು ಮಾಡುವ ಉಪಕಾರ ಬೇರೆ: ನೀರು ನಿಲ್ಲದೆ ಜಾರುತ್ತದೆ, ಧೂಳು, ಹಿಕ್ಕೆ ಸುಲಭವಾಗಿ ಬಿಡುತ್ತವೆ, ತೊಳೆಯುವ ನೀರು ಉಳಿಯುತ್ತದೆ. ನೀರಿಗೆ ಬರವಿರುವ ಕಡೆ ಇದು ಸಣ್ಣ ಲಾಭವಲ್ಲ. ಆದರೂ ದುಡ್ಡು ಸೀಮಿತವಾಗಿದ್ದರೆ ಮೊದಲು ಮುಂಭಾಗದ ಹಾಳೆ, ಆಮೇಲೆ ಒಳ್ಳೆಯ ಅರಿವೆ ಮತ್ತು ಶಾಂಪೂ, ಸೆರಾಮಿಕ್ ಅವುಗಳ ನಂತರ. ಮೂರು ನಾಲ್ಕು ತಿಂಗಳಿಗೊಮ್ಮೆ ಹಚ್ಚುವ ಸಾದಾ ವ್ಯಾಕ್ಸ್ ಕೂಡ ಅದರ ಕೆಲಸದ ದೊಡ್ಡ ಪಾಲನ್ನು ಮಾಡುತ್ತದೆ.

ಎಷ್ಟೇ ಕಾದರೂ ಕೆಲವು ಚಕ್ಕೆಗಳು ಏಳುತ್ತವೆ. ಪ್ಲಾಸ್ಟಿಕ್ ಬಂಪರಿನ ಚಕ್ಕೆಗೆ ಗಾಬರಿ ಬೇಡ, ಅದು ತುಕ್ಕು ಹಿಡಿಯುವುದಿಲ್ಲ. ಬಾನೆಟ್, ಬಾಗಿಲು, ಮೇಲ್ಛಾವಣಿಯಲ್ಲಿ ಉಕ್ಕು ಕಂಡರೆ ಸುಮ್ಮನಿರಬಾರದು. ಕಾರಿನ ಬಣ್ಣದ ಕೋಡ್ ಬಾಗಿಲಿನ ಕಂಬದ ಮೇಲೋ ಇಂಜಿನ್ ಕೋಣೆಯಲ್ಲೋ ಇರುವ ಪಟ್ಟಿಯಲ್ಲಿ ಸಿಗುತ್ತದೆ. ಆ ಕೋಡಿನ ಟಚ್‌ಅಪ್ ಬಣ್ಣವನ್ನು ತಂದು, ಜಾಗವನ್ನು ಶುಚಿ ಮಾಡಿ ಒಣಗಿಸಿ, ಹಲ್ಲುಕಡ್ಡಿಯ ತುದಿಯಿಂದ ಹನಿಹನಿಯಾಗಿ, ಒಂದು ಹನಿ ಒಣಗಿದ ಮೇಲೆ ಇನ್ನೊಂದು ಇಡುತ್ತ ಗುಳಿ ತುಂಬಬೇಕು. ಬೇಸಿಗೆಯ ಒಣ ಹವೆಯಲ್ಲಿ ಬರಿಯ ಉಕ್ಕು ತುಕ್ಕಿಗೆ ನಿಧಾನವಾಗಿ ತಿರುಗುತ್ತದೆ, ಮಳೆ ಬಿದ್ದ ಮೇಲೆ ಆ ಸಾವಕಾಶ ಉಳಿಯುವುದಿಲ್ಲ. ಆದ್ದರಿಂದ ವರ್ಷದ ಚಕ್ಕೆಗಳನ್ನೆಲ್ಲ ಮಿರಗದ (ಮೃಗಶಿರ) ಮಳೆ ಹಿಡಿಯುವ ಮುಂಚೆ, ಮೇ ತಿಂಗಳು ಮುಗಿಯುವುದರೊಳಗೆ ತುಂಬಿ ಮುಗಿಸಿರಬೇಕು.