ಟಗ್ಗು, ಬಾರ್ಜು ಮತ್ತು ನಡುವಿನ ಕೊಂಡಿ

ಮಂಡ್ಯ, ಮದ್ದೂರು, ಮಳವಳ್ಳಿಯ ಪರೀಕ್ಷಾ ಅಭ್ಯರ್ಥಿಗಳಿಗೆ ಕಡಲು ದೂರ, ಕಬ್ಬಿನ ಟ್ರ್ಯಾಕ್ಟರ್ ಹತ್ತಿರ. ಎಂಜಿನ್ನಿಗೂ ಟ್ರೈಲರಿಗೂ ನಡುವೆ ಒಂದು ಪಿನ್ನು ಸಾಕು. ಕಡಲಲ್ಲಿ ಹಾಗಲ್ಲ: ಅಲೆಯು ಎಳೆಯುವ ಹಡಗಾದ ಟಗ್ಗನ್ನೂ ಅದು ಎಳೆಯುವ ಚಪ್ಪಟೆ ತಳದ ದೋಣಿಯಾದ ಬಾರ್ಜನ್ನೂ ಬೇರೆಬೇರೆಯಾಗಿ ಎತ್ತಿ ಇಳಿಸುತ್ತದೆ, ಬಿಗಿ ಕೊಂಡಿ ಮುರಿಯುತ್ತದೆ. ಅದಕ್ಕೇ ಬಾರ್ಜಿನ ಮುಂದಿನ ಎರಡು ಮೂಲೆಗಳಿಂದ ಸರಪಳಿ ತಂದು ತ್ರಿಕೋನ ತಟ್ಟೆಗೆ ಸೇರಿಸಿ, ಅಲ್ಲಿಂದ ಟಗ್ಗಿಗೆ ಉದ್ದನೆಯ ಉಕ್ಕಿನ ಹಗ್ಗ ಕಟ್ಟುತ್ತಾರೆ. ಈ ಸರಪಳಿ ಜೋಡಿಯೇ ಬ್ರೈಡಲ್. ಹಗ್ಗ ತನ್ನ ಭಾರಕ್ಕೆ ನೀರೊಳಗೆ ಜೋತುಬಿದ್ದು ಜಗ್ಗಾಟವನ್ನು ನುಂಗಿಕೊಳ್ಳುತ್ತದೆ. ಜಾಣತನವೆಲ್ಲ ಆ ಜೋತುಬೀಳುವಿಕೆಯಲ್ಲೇ ಇದೆ. ಬಾರ್ಜಿನ ಹಿಂಬದಿಯ ಕಚ್ಚಿನೊಳಗೆ ಟಗ್ಗು ಹೊಕ್ಕು, ಎರಡೂ ಪಕ್ಕದ ಪಿನ್ನುಗಳಿಂದ ಸೇರಿ ತಳ್ಳುವ ಪದ್ಧತಿಯೂ ಉಂಟು.

ಎಳೆಯುವುದಲ್ಲದೆ ಹಡಗನ್ನು ಕಟ್ಟಿ ನಿಲ್ಲಿಸಲೂ ಕೊಂಡಿ ಬೇಕು. ಕರ್ನಾಟಕದಲ್ಲಿ ಇದಕ್ಕೆ ಉದಾಹರಣೆ, ನವ ಮಂಗಳೂರು ಬಂದರಿನಾಚೆ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರಕ್ಕೆ ಕಚ್ಚಾತೈಲ ಇಳಿಸುವ ಸಿಂಗಲ್ ಪಾಯಿಂಟ್ ಮೂರಿಂಗ್. ತೇಲುವ ಬೋಯೆಗೆ ಹಡಗಿನ ಮೂತಿಯನ್ನಷ್ಟೇ ಕಟ್ಟುತ್ತಾರೆ; ಗಾಳಿ ತಿರುಗಿದಂತೆ ಹಡಗೂ ಅದರ ಸುತ್ತ ತಿರುಗುತ್ತದೆ. ತೈಲ ಕೊಳವೆಯಲ್ಲಿ ದಡ ಸೇರುತ್ತದೆ.

ಕಟ್ಟು ಕಳಚಿದರೆ ಅಪಾಯ ದೊಡ್ಡದು: 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಪಿ-305 ಬಾರ್ಜು ಲಂಗರು ಕಳಚಿ ಮುಂಬೈ ಆಚೆ ಮುಳುಗಿತು. ಅದರಲ್ಲಿ 261 ಜನರಿದ್ದರು. ಅದೇ ಚಂಡಮಾರುತಕ್ಕೆ ಪಡುಬಿದ್ರಿ ಬಳಿ ಅಲಯನ್ಸ್ ಎಂಬ ಟಗ್ಗು ಮಗುಚಿತು.

ಎಳೆದೊಯ್ಯುವುದು ಟೋಯಿಂಗ್, ಕಟ್ಟಿ ನಿಲ್ಲಿಸುವುದು ಮೂರಿಂಗ್. ಪ್ರಶ್ನೆಯ ಆಯ್ಕೆಗಳಲ್ಲಿ ಇವು ಅದಲುಬದಲಾಗಿ ಬಂದರೆ ಮೋಸಹೋಗಬೇಡಿ.