ಗಾಳ ಹಿಡಿದವನಿಗೆ ಹೊಳೆಯ ಋಣ

ಹೊಸ ರಾಡು, ರೀಲು ಕೊಂಡಿದ್ದೀಯಂತೆ, ಸಂತೋಷ ಕಣಪ್ಪ. ನೀರು ಎಲ್ಲಿ ಸುಳಿಯುತ್ತದೆ, ಎಲ್ಲಿ ಮಡುಗಟ್ಟುತ್ತದೆ, ಯಾವ ಬಂಡೆಯ ಮರೆಯಲ್ಲಿ ಮೀನು ನಿಲ್ಲುತ್ತದೆ ಎಂಬುದು ಗಾಳ ಹಾಕುವವನಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯದು. ನಮ್ಮ ಪೂರ್ಣಚಂದ್ರ ತೇಜಸ್ವಿಯವರಿಗೂ ಗಾಳದ ಹುಚ್ಚು ಬಲವಾಗಿತ್ತು. ಹುಚ್ಚು ಹಿಡಿಯಲಿ, ತಪ್ಪಿಲ್ಲ. ಆದರೆ ಮೀನು ಹಿಡಿಯುವುದನ್ನು ಯಾರು ಬೇಕಾದರೂ ಕಲಿಸುತ್ತಾರೆ. ಯಾವುದನ್ನು ಹಿಡಿಯಬಾರದು, ಹಿಡಿದರೂ ಯಾವುದನ್ನು ಬಿಡಬೇಕು ಎಂಬುದನ್ನು ಹಿರಿಯರೇ ಹೇಳಬೇಕು.

ಮೊದಲು ನೀರು ಯಾರದು ಎಂದು ಕೇಳಿ ತಿಳಿದುಕೋ. ಊರ ಕೆರೆ ಎಲ್ಲರದೂ ಹೌದು, ಆದರೆ ಅದರ ಮೀನಿನ ಹಕ್ಕನ್ನು ಬಹಳ ಕಡೆ ಗುತ್ತಿಗೆಗೆ ಕೊಟ್ಟಿರುತ್ತಾರೆ. ಸಂಘದವರೋ ಗುತ್ತಿಗೆದಾರರೋ ಕಾಟ್ಲಾ, ರೋಹು ಮರಿ ಬಿಟ್ಟು ಸಾಕಿರುತ್ತಾರೆ. ಅವರನ್ನು ಕೇಳದೆ ಗಾಳ ಇಳಿಸಿದರೆ ಅವರ ಅನ್ನಕ್ಕೆ ಕೈ ಹಾಕಿದಂತೆ. ಜಲಾಶಯವಾದರೆ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಹಿಂದೆ ದೇಶವಿದೇಶದವರು ಬಂದು ಗಾಳ ಹಾಕುತ್ತಿದ್ದರು ಎಂಬ ಕತೆ ಕೇಳಿ ಅಲ್ಲಿಗೆ ಓಡಬೇಡ. ಅದು ಕಾವೇರಿ ವನ್ಯಜೀವಿಧಾಮ, ಈಗ ಅಲ್ಲಿ ಆ ಆಟ ನಿಂತಿದೆ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಹೊಳೆಯಲ್ಲಿ ಮೀನುಗಳನ್ನು ದೇವರ ಮೀನೆಂದು ಕಾಪಾಡಿಕೊಂಡು ಬಂದಿದ್ದಾರೆ. ಅಲ್ಲಿ ಮಂಡಕ್ಕಿ ಹಾಕಿ, ಕಣ್ತುಂಬ ನೋಡಿ ಬಾ. ಕಾಯ್ದೆ ಬರುವ ಮೊದಲೇ ಭಕ್ತಿ ಕಾಯ್ದ ನೀರು ಅದು.

ಎರಡನೆಯದು ಕಾಲ. ಮುಂಗಾರಿನ ಮೊದಲ ನೆರೆ ಬಂದಾಗ ಮೀನುಗಳು ಮೊಟ್ಟೆಯಿಡಲು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರುತ್ತವೆ. ಮಲೆನಾಡಿನಲ್ಲಿ ಹತ್ತುಮೀನು ಅನ್ನುವುದು ಇದನ್ನೇ. ಆಗ ಹಿಡಿಯುವುದು ಬಲು ಸುಲಭ, ಆಗಲೇ ಹಿಡಿಯಬಾರದು. ಬಸುರಿ ಮೀನೊಂದು ಬುಟ್ಟಿಗೆ ಬಿದ್ದರೆ ಮುಂದಿನ ವರ್ಷದ ಮೀನೆಲ್ಲ ಅದರ ಜೊತೆಗೇ ಹೋಯಿತು. ಆ ದಿನಗಳಲ್ಲಿ ರಾಡನ್ನು ಗೋಡೆಗೆ ಒರಗಿಸಿಡು.

ಮೂರನೆಯದು, ಮಹಶೀರ್. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರ ಗಾಳಕ್ಕೆ 120 ಪೌಂಡಿನ ಮಹಶೀರ್ ಬಿದ್ದಿತ್ತು, ಅಂದರೆ ಸುಮಾರು 54 ಕಿಲೋ. ಕಾವೇರಿ ಕೊಳ್ಳದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಗೂನುಬೆನ್ನಿನ ಮಹಶೀರ್ ಅಂಥ ಗಾತ್ರಕ್ಕೆ ಬೆಳೆಯುವ ಜಾತಿ. ಅದರ ವೈಜ್ಞಾನಿಕ ಹೆಸರು ಇತ್ಯರ್ಥವಾದದ್ದೇ 2018ರಲ್ಲಿ, ಅದೇ ವರ್ಷ ಅದು ಅಳಿವಿನ ತುತ್ತತುದಿಯಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದು ಎಲ್ಲ ಸೇರಿ ಅದಕ್ಕೆ ಈ ಗತಿ ತಂದವು. ಇನ್ನೂ ಒಂದು ಕಾರಣವಿದೆ. ಲೋನಾವಾಲದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಒಳ್ಳೆಯದಾಗಲಿ ಎಂದೇ ಕಾವೇರಿಗೆ ಬಿಟ್ಟರು. ಅವು ಹೆಚ್ಚಿದವು, ಮೂಲದವು ಮೂಲೆಗೆ ಸರಿದವು. ಆದ್ದರಿಂದ ನಿನ್ನ ರಾಗಿ ಹಿಟ್ಟಿನ ಉಂಡೆಗೆ ಮಹಶೀರ್ ಬಾಯಿ ಹಾಕಿದರೆ, ಯಾವ ಬಗೆಯದೇ ಆಗಲಿ, ಮರಳಿ ನೀರಿಗೆ ಬಿಡು.

ಬಿಡುವುದಕ್ಕೂ ಕ್ರಮವಿದೆ. ಗಾಳದ ಒಳಮುಳ್ಳನ್ನು ಇಕ್ಕಳದಿಂದ ಮೊದಲೇ ಚಪ್ಪಟೆ ಮಾಡಿಕೋ, ಬಿಡಿಸುವಾಗ ಬಾಯಿ ಹರಿಯುವುದಿಲ್ಲ. ಗಟ್ಟಿ ದಾರ ಕಟ್ಟಿ ಬೇಗ ಎಳೆದುಕೋ, ಗಂಟೆಗಟ್ಟಲೆ ಆಡಿಸಿ ದಣಿಸಿದ ಮೀನು ಬಿಟ್ಟ ಮೇಲೂ ಸಾಯಬಹುದು. ಕೈ ಒದ್ದೆ ಮಾಡಿಕೊಂಡು ಮುಟ್ಟು, ಒಣಗೈ ತಾಗಿದರೆ ಮೈಮೇಲಿನ ಲೋಳೆ ಹೋಗಿ ರೋಗ ಹತ್ತುತ್ತದೆ. ಫೋಟೋಕ್ಕಾಗಿ ದವಡೆ ಹಿಡಿದು ನೇತಾಡಿಸಬೇಡ. ನೀರಲ್ಲೇ ಎರಡೂ ಕೈಯಲ್ಲಿ ಆನಿಸಿ ಹಿಡಿದಿರು, ತಾನಾಗಿ ಬಾಲ ಬೀಸಿದಾಗ ಕೈ ಸಡಿಲಿಸು.

ಕೆರೆಯಲ್ಲಿ ಸಿಗುವ ಜಿಲೇಬಿ ಮೀನು, ಆಫ್ರಿಕನ್ ಕ್ಯಾಟ್‌ಫಿಶ್‌ಗಳ ಮಾತು ಬೇರೆ. ಅವು ಹೊರಗಿನಿಂದ ಬಂದು ನಮ್ಮ ಗಿರ್ಲು, ಕೊರವ, ಸಸಲುಗಳ ಜಾಗ ಆಕ್ರಮಿಸಿಕೊಂಡಿವೆ. ಸಿಕ್ಕಿದರೆ ಮನೆಗೆ ಒಯ್ದು ಸಾರು ಮಾಡಿಸು, ಒಂದು ಕೆರೆಯಿಂದ ಇನ್ನೊಂದಕ್ಕೆ ಮಾತ್ರ ಒಯ್ದು ಬಿಡಬೇಡ. ಮನೆಯ ಗಾಜಿನ ತೊಟ್ಟಿಯ ಮೀನನ್ನೂ ಅಷ್ಟೇ.

ಇನ್ನು ನಿನ್ನ ಜೀವದ ಮಾತು. ಅಣೆಕಟ್ಟಿನ ಕೆಳಗೆ ಹೊಳೆಯ ನಡುವಿನ ಬಂಡೆಗೆ ಹೋಗಿ ಕೂರಬೇಡ, ಬಾಗಿಲು ತೆಗೆದರೆ ನೋಡನೋಡುತ್ತಿದ್ದಂತೆ ನೀರು ಏರುತ್ತದೆ. ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯುತ್ತದೆ, ತಂತಿಯ ಕೆಳಗೂ ಗುಡುಗು ಮಿಂಚಿನಲ್ಲೂ ಬೀಸಬೇಡ. ಕಾವೇರಿಯಲ್ಲಿ, ಕಾಳಿಯಲ್ಲಿ ಮೊಸಳೆಗಳಿವೆ. ಒಬ್ಬನೇ ಹೋಗಬೇಡ, ಎಲ್ಲಿಗೆ ಹೊರಟೆ ಎಂದು ಮನೆಯಲ್ಲಿ ಹೇಳಿ ಹೋಗು.

ಕಡಿದ ನೈಲಾನ್ ದಾರವನ್ನು ದಂಡೆಯಲ್ಲಿ ಬಿಟ್ಟು ಬರಬೇಡ, ಹಕ್ಕಿಯ ಕಾಲಿಗೆ ಅದು ಉರುಳು. ಮದ್ದು ಸಿಡಿಸಿ, ವಿಷ ಕಲಸಿ ಮೀನು ಹಿಡಿಯುವುದು 1897ರ ಕಾಯ್ದೆಯಿಂದಲೇ ಅಪರಾಧ. ಅಂಥದ್ದು ಕಂಡರೆ ನೋಡಿಯೂ ನೋಡದಂತೆ ಬರಬೇಡ, ಇಲಾಖೆಗೆ ತಿಳಿಸು. ಹೊಳೆ ಹಾಳಾಗುವುದು ಊರವರಿಗಿಂತ ಮೊದಲು ಗಾಳದವನಿಗೇ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಬಾಯಿ ಬಿಡುವುದೂ ಅವನದೇ ಹೊಣೆ. ಆ ಹೊಣೆ ಹೊರುವೆಯಾದರೆ ಧಾರಾಳವಾಗಿ ಗಾಳ ಹಾಕು, ನಿನ್ನ ಮಕ್ಕಳಿಗೂ ಕಲಿಸು.