ಹಳೇ ಕ್ಯಾಂಟೀನ್ ಗಾಡಿ ಕೊಂಡಿರಾ? ಮೊದಲು ಒಲೆ ನೋಡಿ

ಮೇ ತಿಂಗಳಲ್ಲಿ ಹಾಸನಕ್ಕೆ ಬಿತ್ತನೆ ಆಲೂಗಡ್ಡೆ ಕೊಳ್ಳಲು ಬರುವ ರೈತರಿಗೆ ಬೆಳಿಗ್ಗೆ ಏಳಕ್ಕೇ ಬಿಸಿ ಇಡ್ಲಿ ಬೇಕು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಹೊಗೆಸೊಪ್ಪಿನ ಹರಾಜು ಶುರುವಾದರೆ ಮಧ್ಯಾಹ್ನ ಮುದ್ದೆ ಬೇಕು. ವರ್ಷಕ್ಕೊಮ್ಮೆ ಹಾಸನಾಂಬೆಯ ಬಾಗಿಲು ತೆರೆದಾಗಲಂತೂ ಎಷ್ಟು ಬೇಯಿಸಿದರೂ ಸಾಲದು. ಈ ಹಸಿವನ್ನೆಲ್ಲ ನೋಡಿಕೊಳ್ಳುವುದು ರಸ್ತೆ ಬದಿಯ ಕ್ಯಾಂಟೀನ್ ಗಾಡಿಗಳು. ಹೊಸ ಗಾಡಿ ಕಟ್ಟಿಸುವಷ್ಟು ದುಡ್ಡಿಲ್ಲದವರು ಯಾರೋ ನಡೆಸಿ ಬಿಟ್ಟ ಗಾಡಿಯನ್ನು ಒಲೆ, ಮಿಕ್ಸಿ, ಫ್ರಿಜ್ಜು ಸಮೇತ ಕೊಳ್ಳುತ್ತಾರೆ. ಕೊಂಡ ಮೇಲೆ ಶುರುವಾಗುವುದೇ ಯಾವುದನ್ನು ರಿಪೇರಿ ಮಾಡಿಸಬೇಕು, ಯಾವುದನ್ನು ಎಸೆಯಬೇಕು ಎಂಬ ತಲೆನೋವು.

ಹೊಳೆನರಸೀಪುರದ ನಮ್ಮ ಭಾವ ಅಂಥದ್ದೊಂದು ಗಾಡಿ ಕೊಂಡಾಗ ಒಂದು ವಾರ ಅದರೊಳಗೇ ಕೂತು ಪ್ರತಿಯೊಂದನ್ನೂ ಬಿಚ್ಚಿ ನೋಡಿದೆವು. ಆಗ ಮನಸ್ಸಿಗೆ ನಾಟಿದ ಮಾತು ಇದು: ಮನೆಯ ಒಲೆ ಕೆಡುವುದು ಬಳಸಿ ಬಳಸಿ, ಗಾಡಿಯ ಒಲೆ ಕೆಡುವುದು ಕುಲುಕಿ ಕುಲುಕಿ. ಆದ್ದರಿಂದ ಕಬ್ಬಿಣ, ಹಿತ್ತಾಳೆ ಹಳತಾಗಿದ್ದರೆ ಉಳಿಸಿಕೊಳ್ಳಿ. ರಬ್ಬರ್ ಹಳತಾಗಿದ್ದರೆ ಯೋಚನೆಯನ್ನೇ ಮಾಡದೆ ಬದಲಿಸಿ.

ಸಿಲಿಂಡರ್, ಪೈಪು: ಇಲ್ಲಿ ಉಳಿತಾಯ ಬೇಡ

ಮೊದಲ ದಿನ ಬೇರೇನನ್ನೂ ಮುಟ್ಟಬೇಡಿ. ಗಾಡಿಯ ಬಾಗಿಲು ತೆರೆದಿಟ್ಟು ಸಿಲಿಂಡರ್ ಇಡುವ ಜಾಗ ನೋಡಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೆ ಹೋಗುವುದಿಲ್ಲ, ನೀರಿನ ಹಾಗೆ ತಳದಲ್ಲಿ ನಿಲ್ಲುತ್ತದೆ. ಮೇಲಿನ ಕಿಟಕಿ ಎಷ್ಟು ದೊಡ್ಡದಿದ್ದರೂ ಪ್ರಯೋಜನವಿಲ್ಲ, ನೆಲದ ಮಟ್ಟದಲ್ಲಿ ಗಾಳಿ ಹೊರಹೋಗುವ ಕಿಂಡಿ ಬೇಕು. ಸಮುದ್ರದ ವಿಹಾರ ದೋಣಿಗಳಲ್ಲೂ ಪುಟ್ಟ ಅಡುಗೆಮನೆ ಇರುತ್ತದೆ. ಅಲ್ಲಿ ಸಿಲಿಂಡರನ್ನು ಬೇರೆಯೇ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯ ತಳದಿಂದ ದೋಣಿಯ ಹೊರಕ್ಕೆ ಕೊಳವೆ ಕೊಟ್ಟಿರುತ್ತಾರೆ. ನಮ್ಮ ಗಾಡಿಗೂ ಅದೇ ಉಪಾಯ ಸಾಕು. ಭಾವನ ಗಾಡಿಯಲ್ಲಿ ಸಿಲಿಂಡರಿನ ಗೂಡು ನಾಲ್ಕೂ ಕಡೆ ತಗಡು ಹೊಡೆದು ಮುಚ್ಚಿತ್ತು. ವೆಲ್ಡಿಂಗ್ ಅಂಗಡಿಗೆ ಒಯ್ದು ತಳದಲ್ಲಿ ಜಾಲರಿ ಕೂರಿಸಿದೆವು, ಸಿಲಿಂಡರ್ ಅಲುಗಾಡದಂತೆ ಕಬ್ಬಿಣದ ಪಟ್ಟಿ ಹಾಕಿಸಿದೆವು. ಸಿಲಿಂಡರ್ ಯಾವತ್ತೂ ನೆಟ್ಟಗೇ ನಿಂತಿರಬೇಕು, ಮಲಗಿಸಬಾರದು. ವ್ಯಾಪಾರಕ್ಕೆ 19 ಕೆ.ಜಿ.ಯದನ್ನೇ ತೆಗೆದುಕೊಳ್ಳಿ. ಮನೆಯ 14.2 ಕೆ.ಜಿ. ಸಿಲಿಂಡರನ್ನು ಕ್ಯಾಂಟೀನಿಗೆ ಬಳಸುವುದು ಕಾನೂನಿಗೆ ವಿರುದ್ಧ.

ಸಿಲಿಂಡರ್ ತೆಗೆದುಕೊಳ್ಳುವಾಗ ಹಿಡಿಯ ಕೆಳಗಿನ ಪಟ್ಟಿಗಳ ಒಳಮೈ ನೋಡಿ. ಅಲ್ಲಿ ‘ಬಿ-28’ ಎಂಬಂತೆ ಒಂದು ಅಕ್ಷರ, ಎರಡು ಅಂಕಿ ಬರೆದಿರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಸಿ, ಡಿ ಹಾಗೇ ಮುಂದಕ್ಕೆ. ಅಂಕಿ ವರ್ಷದ್ದು. ಆ ಅವಧಿಗೆ ಮುಂದಿನ ಪರೀಕ್ಷೆ ಆಗಬೇಕು ಎಂದರ್ಥ. ಅವಧಿ ದಾಟಿದ್ದರೆ ವಾಪಸ್ ಕೊಡಿ.

ಪೈಪಿನ ವಿಚಾರದಲ್ಲಿ ಹಳೇ ಮಾಲೀಕರು ‘ಇನ್ನೂ ಗಟ್ಟಿಯಾಗಿದೆ’ ಎಂದರೆ ನಂಬಬೇಡಿ. ಪೈಪು ಗಟ್ಟಿಯಾಗುವುದೇ ಅದರ ಕಾಯಿಲೆ. ಬೆರಳಿಗೆ ಸುತ್ತಿ ಬಗ್ಗಿಸಿದಾಗ ಕೂದಲೆಳೆಯಂಥ ಬಿರುಕು ಕಂಡರೆ ಅಲ್ಲಿಗೆ ಅದರ ಆಯಸ್ಸು ಮುಗಿದಿದೆ. ಐಎಸ್‌ಐ ಗುರುತಿನ ಸುರಕ್ಷಾ ಪೈಪನ್ನೂ ಐದು ವರ್ಷಕ್ಕೊಮ್ಮೆ ಬದಲಿಸಬೇಕು, ಒಂದೂವರೆ ಮೀಟರಿಗಿಂತ ಉದ್ದ ಇರಬಾರದು. ದೊಡ್ಡ ಪಾತ್ರೆಯ ಭಟ್ಟಿ ಒಲೆಗೆ ಹೈ ಪ್ರೆಶರ್ ರೆಗ್ಯುಲೇಟರ್ ಇದ್ದರೆ ಮನೆಯ ಪೈಪು ನಡೆಯುವುದಿಲ್ಲ, ಆ ಒತ್ತಡಕ್ಕೆಂದೇ ಮಾಡಿದ ಪೈಪು ಹಾಕಿಸಿ. ಎರಡೂ ತುದಿಗೆ ಕ್ಲಾಂಪು ಬೇಕೇ ಬೇಕು. ತಂತಿ ಸುತ್ತಿ ಬಿಗಿದದ್ದು ಕುಲುಕಾಟಕ್ಕೆ ನಿಲ್ಲುವುದಿಲ್ಲ.

ಒಲೆಯನ್ನು ಉಳಿಸಿಕೊಳ್ಳಬಹುದು

ಜ್ವಾಲೆ ಹಳದಿಯಾಗಿದ್ದು ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತಿದ್ದರೆ ಒಲೆ ಹಾಳಾಯಿತು ಎಂದುಕೊಳ್ಳಬೇಡಿ. ಅದಕ್ಕೆ ಗಾಳಿ ಸಾಲುತ್ತಿಲ್ಲ, ಅಷ್ಟೆ. ಸಿಲಿಂಡರ್ ಬಂದ್ ಮಾಡಿ, ಬರ್ನರ್ ಎತ್ತಿ ನೋಡಿ. ನಮಗೆ ಸಿಕ್ಕಿದ ಹಿತ್ತಾಳೆ ಬರ್ನರಿನ ತೂತುಗಳಲ್ಲಿ ಅರ್ಧದಷ್ಟು ಉಕ್ಕಿದ ಹಾಲು, ಸಾರು ಸುಟ್ಟು ಕಲ್ಲಾಗಿ ಮುಚ್ಚಿದ್ದವು. ರಾತ್ರಿ ಹುಣಸೆಹಣ್ಣು, ಉಪ್ಪು ಹಾಕಿದ ಬಿಸಿನೀರಲ್ಲಿ ನೆನೆಸಿಟ್ಟು, ಬೆಳಿಗ್ಗೆ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆವು. ಕಪ್ಪಿನ ಕೆಳಗಿನಿಂದ ಹಿತ್ತಾಳೆ ಹೊಳೆದು ಬಂತು. ಪೂರ್ತಿ ಒಣಗಿದ ಮೇಲೇ ಕೂರಿಸಿ. ಎರಡು ತೂತು ಸೇರಿ ಒಂದಾಗಿದ್ದರೆ, ಬರ್ನರ್ ಸೊಟ್ಟಗಾಗಿ ಕೂರದಿದ್ದರೆ ಮಾತ್ರ ಹೊಸದು ತನ್ನಿ.

ಬರ್ನರಿನ ಕೆಳಗೆ ಅನಿಲ ಚಿಮ್ಮುವ ಪುಟ್ಟ ಹಿತ್ತಾಳೆ ತಿರುಪು ಇದೆ, ಅದೇ ಜೆಟ್. ಅದಕ್ಕೆ ದಪ್ಪ ಸೂಜಿ ಚುಚ್ಚಿ ಕ್ಲೀನ್ ಮಾಡುವ ಅಭ್ಯಾಸ ತುಂಬ ಕಡೆ ನೋಡಿದ್ದೇನೆ. ಹಿತ್ತಾಳೆ ಮೆತ್ತಗಿನ ಲೋಹ, ತೂತು ದೊಡ್ಡದಾಗಿಬಿಡುತ್ತದೆ. ಆಮೇಲೆ ಅನಿಲ ಹೆಚ್ಚು ಸುರಿದು ಜ್ವಾಲೆ ಇನ್ನೂ ಹಳದಿಯಾಗುತ್ತದೆ. ಗಾಳಿ ಊದಿದರೆ ಸಾಕು. ತೂತು ಹಿಗ್ಗಿದ್ದರೆ ಅದೇ ಅಳತೆಯ ಹೊಸ ಜೆಟ್ ಹಾಕಿ. ನಾಬ್ ಬಿಗಿಯಾಗಿದೆಯೆಂದು ಕೊಬ್ಬರಿ ಎಣ್ಣೆ ಬಿಡುವುದೂ ತಪ್ಪು, ಶಾಖಕ್ಕೆ ಅದು ಅಂಟಾಗುತ್ತದೆ. ಗ್ಯಾಸ್ ವಾಲ್ವಿಗೆಂದೇ ಗ್ರೀಸ್ ಸಿಗುತ್ತದೆ. ವಾಲ್ವ್ ಬಿಚ್ಚುವ ಕೆಲಸವನ್ನು ಮಾತ್ರ ಗೊತ್ತಿರುವ ರಿಪೇರಿಯವರಿಗೇ ಬಿಡಿ.

ಮಿಕ್ಸಿ, ಗ್ರೈಂಡರ್

ಭಾವನ ಮಿಕ್ಸಿ ತಿರುಗುತ್ತಿರಲಿಲ್ಲ. ಒಂದು ಅಂಗಡಿಯಲ್ಲಿ ಬಿಚ್ಚಿಯೂ ನೋಡದೆ ‘ಮೋಟಾರ್ ಸುಟ್ಟಿದೆ, ಹೊಸದು ತಗೊಳ್ಳಿ’ ಎಂದರು. ‘ಭಾವ, ಸುಟ್ಟಿದ್ರೆ ವಾಸನೆ ಬರ್ಬೇಕಲ್ವಾ?’ ಎಂದೆ. ಸುಟ್ಟ ಮೋಟಾರಿಗೆ ವಾರ್ನಿಷ್ ಕರಕಲಾದ ಘಾಟು ಇದ್ದೇ ಇರುತ್ತದೆ, ಇಲ್ಲಿ ಅದಿರಲಿಲ್ಲ. ಮೊದಲು ತಳದಲ್ಲಿರುವ ಕೆಂಪು ಗುಂಡಿ ಒತ್ತಿ ನೋಡಿದೆವು. ಹೊರೆ ಹೆಚ್ಚಾದಾಗ ಅದು ಹೊರಗೆ ಬಂದು ಕರೆಂಟ್ ಕಡಿಯುತ್ತದೆ. ಅದರಿಂದಾಗಲಿಲ್ಲ. ಪ್ಲಗ್ ಕಿತ್ತು ತಳ ಬಿಚ್ಚಿದಾಗ ಕಾರ್ಬನ್ ಬ್ರಷ್ ಎರಡೂ ಸವೆದು ಉಗುರಿನಷ್ಟಾಗಿದ್ದವು, ಸ್ಪ್ರಿಂಗ್ ತಳ್ಳಿದರೂ ಮೋಟಾರಿಗೆ ತಾಗುತ್ತಿರಲಿಲ್ಲ. ಹೊಸ ಜೋಡಿ ಹಾಕಿದ್ದೇ ತಡ ಮಿಕ್ಸಿ ತಿರುಗಿತು. ಮೋಟಾರ್ ತಿರುಗಿ ಬ್ಲೇಡ್ ತಿರುಗದಿದ್ದರೆ ಕಪ್ಲರಿನ ಹಲ್ಲು ಸವೆದಿದೆ. ಜಾರಿನ ಕೆಳಗಿನಿಂದ ಮಸಾಲೆ ಸೋರಿದರೆ ಬುಷ್ ಹೋಗಿದೆ. ಗ್ರೈಂಡರ್ ‘ಗುಂಯ್’ ಎನ್ನುತ್ತ ನಿಂತಲ್ಲೇ ನಿಂತರೆ ಹೆಚ್ಚಾಗಿ ಕೆಪಾಸಿಟರ್ ತಪ್ಪು, ಇಲ್ಲವೇ ಬೆಲ್ಟ್ ಸಡಿಲ. ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಷಾಕ್ ಹೊಡೆಯಬಲ್ಲದು, ಎಲೆಕ್ಟ್ರಿಷಿಯನ್ನರೇ ಮುಟ್ಟಲಿ.

ಗಾಡಿಯ ಬ್ಯಾಟರಿಯಿಂದ ಮಿಕ್ಸಿ ಓಡಿಸುವ ಆಸೆ ಹಲವರಿಗೆ. ಲೆಕ್ಕ ಹಾಕಿ: 750 ವಾಟ್‌ನ ಮಿಕ್ಸಿಗೆ 12 ವೋಲ್ಟ್ ಬ್ಯಾಟರಿಯಿಂದ 60 ಆಂಪಿಯರಿಗೂ ಹೆಚ್ಚು ಎಳೆಯಬೇಕು. ತೆಳು ವೈರು ಆ ಶಾಖಕ್ಕೆ ಕರಗುತ್ತದೆ. ಹಿಟ್ಟು, ಮಸಾಲೆ ಮನೆಯಲ್ಲೇ ರುಬ್ಬಿ ತರುವುದು ಒಳ್ಳೆಯದೆಂದು ನನಗನ್ನಿಸುತ್ತದೆ.

ಫ್ರಿಜ್ಜಿನ ಬಾಗಿಲ ರಬ್ಬರಿಗೆ ನೋಟು ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಬದಲಿಸಿ. ಕಂಪ್ರೆಸರ್ ಹೋಗಿದ್ದರೆ ರಿಪೇರಿಗೆ ದುಡ್ಡು ಸುರಿಯಬೇಡಿ, ಗಾಡಿಗೆ ಐಸ್ ಪೆಟ್ಟಿಗೆ ಸಾಕು.

ರಸ್ತೆಗೆ ಇಳಿಯುವ ಮುನ್ನ

ಗಾಡಿಯ ಮೈಕಟ್ಟು ಬದಲಾಗಿದ್ದರೆ ಅದು ಆರ್‌ಸಿಯಲ್ಲಿ ದಾಖಲಾಗಿದೆಯೇ ನೋಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಟಿಒ ಒಪ್ಪಿಗೆ ಬೇಕು. ಆಹಾರ ಸುರಕ್ಷತೆಯ ನೋಂದಣಿ ನಿಮ್ಮ ಹೆಸರಿಗೇ ಆಗಬೇಕು, ಹಳೇ ಮಾಲೀಕರದ್ದು ನಡೆಯುವುದಿಲ್ಲ. ಒಣಪುಡಿಯ ಬೆಂಕಿ ನಂದಕವೊಂದು ಒಲೆಯಿಂದ ದೂರ, ಬಾಗಿಲ ಹತ್ತಿರ ತೂಗಿಹಾಕಿ. ಅನಿಲ ಸೋರಿದರೆ ಕರೆಯಬೇಕಾದ 1906 ಸಂಖ್ಯೆಯನ್ನು ಗಾಡಿಯ ಒಳಗೋಡೆಗೆ ದೊಡ್ಡದಾಗಿ ಬರೆಸಿ.

ಎಲ್ಲ ಜೋಡಿಸಿದ ಮೇಲೆ ನಾಬ್‌ಗಳನ್ನು ಮುಚ್ಚಿ, ಸಿಲಿಂಡರ್ ತೆರೆದು, ಒಂದೊಂದು ಕೀಲಿಗೂ ಸೋಪು ನೀರು ಹಚ್ಚಿ. ಗುಳ್ಳೆ ಎದ್ದರೆ ಸೋರಿಕೆ. ಬೆಂಕಿಕಡ್ಡಿ ಗೀರಿ ನೋಡುವ ದುಸ್ಸಾಹಸ ಬೇಡವೇ ಬೇಡ. ಬಹಳ ಮಂದಿ ಈ ಪರೀಕ್ಷೆಯನ್ನು ಗಾಡಿ ನಿಂತಲ್ಲೇ ಮಾಡಿ ಮುಗಿಸುತ್ತಾರೆ. ನಾವು ಸಿಲಿಂಡರ್ ಬಂದ್ ಮಾಡಿ ಹೊಳೆನರಸೀಪುರದಿಂದ ಹಳ್ಳಿಮೈಸೂರಿನವರೆಗೆ ಹೋಗಿ ಬಂದೆವು. ವಾಪಸ್ ಬಂದು ಮತ್ತೆ ಸೋಪು ನೀರು ಹಚ್ಚಿದಾಗ, ಹೊರಡುವಾಗ ಸುಮ್ಮನಿದ್ದ ರೆಗ್ಯುಲೇಟರಿನ ಕಡೆಯ ಕ್ಲಾಂಪಿನಲ್ಲಿ ಸಾಸಿವೆಯಷ್ಟು ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು. ಸಿಲಿಂಡರ್ ಬಂದ್ ಮಾಡಿ ತಿರುಪನ್ನು ಅರ್ಧ ಸುತ್ತು ಬಿಗಿದು ಮತ್ತೆ ತೆರೆದಾಗ ಗುಳ್ಳೆ ನಿಂತವು. ಈಗ ಭಾವ ಪ್ರತಿ ಸೋಮವಾರ ಬೆಳಿಗ್ಗೆ ಇಡ್ಲಿ ಇಡುವ ಮೊದಲು ಸೋಪು ನೀರಿನ ಲೋಟ ಹಿಡಿದು ಸಿಲಿಂಡರಿನ ಮುಂದೆ ಕೂರುತ್ತಾರೆ.